ಕುಣಿಗಲ್‌ನ ಇಪ್ಪತ್ತು ಹಾಳೆಗಳು

ನನ್ನ ಸೊಸೆಯ ಓದು ಅರ್ಧಕ್ಕೆ ನಿಂತದ್ದು ನನ್ನಿಂದ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಧೈರ್ಯ ಸಾಲದೆ ಹೋಗಬಹುದು. ಅವಳು ಗುಬ್ಬಿಯ ಕಡೆಯವಳು. ನಾವು ಹೆಣ್ಣು ನೋಡಲು ಹೋದಾಗ ಎಂ.ಕಾಂ. ಮೊದಲ ವರ್ಷದಲ್ಲಿದ್ದಳು. ಅವಳಪ್ಪ ಮೇಷ್ಟ್ರು, ಮೆತ್ತಗಿನ ಮನುಷ್ಯ. ನನ್ನ ಕೈಗೆ ಕಾಫಿ ಲೋಟ ಕೊಡುತ್ತಾ, "ಇನ್ನೊಂದು ವರ್ಷ ಇದೆ, ಮುಗಿಸ್ಕೊಂಡ್ರೆ ಚೆನ್ನಾಗಿರ್ತಿತ್ತು" ಎಂದು ಮಾತು ತೆಗೆದರು. ನಾನು "ನೋಡೋಣ ಬುಡಿ ಮೇಷ್ಟ್ರೇ, ಇನ್ನೂ ಓದಿ ಏನಾಗ್ಬೇಕಿದೆ" ಎಂದು ಜೋರಾಗಿ ನಕ್ಕೆ. ಕೂತಿದ್ದವರೆಲ್ಲ ನಕ್ಕರು. ಅವಳು ಅಡುಗೆಮನೆ ಬಾಗಿಲ ಹತ್ತಿರ ನಿಂತಿದ್ದಳು. ನಕ್ಕಳೋ ಇಲ್ಲವೋ ನಾನು ನೋಡಲಿಲ್ಲ. ಮದುವೆಯಾಯಿತು. ಎರಡನೇ ವರ್ಷದ ಫೀಸು ಕಟ್ಟುವ ದಿನ ಬಂತು, ಹೋಯಿತು. ಮನೆಯಲ್ಲಿ ಯಾರೂ ಆ ವಿಷಯ ಎತ್ತಲಿಲ್ಲ.

ನಾನು ಸರ್ಕಾರಿ ಬಸ್ಸಿನಲ್ಲಿ ಮೂವತ್ತು ವರ್ಷ ಕಂಡಕ್ಟರ್ ಆಗಿದ್ದವನು. ಹೆಚ್ಚಿನ ಸರ್ವಿಸ್ಸು ತುಮಕೂರು–ಕುಣಿಗಲ್, ತುಮಕೂರು–ಗುಬ್ಬಿ ರೂಟಿನಲ್ಲೇ ಕಳೆದುಹೋಯಿತು. ಬಾಯಿ ದೊಡ್ಡದು, ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಹೆಂಡತಿ ಹೇಳುತ್ತಾಳೆ, ಸುಳ್ಳಲ್ಲ. ಇನ್ನೊಂದು ಹೆಮ್ಮೆಯೂ ನನಗಿತ್ತು. ಬಸ್ಸು ಹತ್ತಿದವರ ಮುಖ, ಚಪ್ಪಲಿ, ಕೈಯಲ್ಲಿರುವ ಚೀಲ ನೋಡಿದರೆ ಸಾಕು, ಇವರು ಹೆಬ್ಬೂರಿನವರು, ಇವರು ನಾಗವಲ್ಲಿಯವರು ಎಂದು ಗೊತ್ತಾಗಿಬಿಡುತ್ತಿತ್ತು. ಅವರು ಬಾಯಿ ಬಿಡುವಷ್ಟರಲ್ಲಿ ಟಿಕೆಟ್ ಹರಿದು ಕೈಗಿಟ್ಟಿರುತ್ತಿದ್ದೆ. "ನಿಮ್ಗೆ ಹೆಂಗ್ ಗೊತ್ತಾಯ್ತು ಸ್ವಾಮಿ" ಎಂದು ಕೆಲವರು ಬೆರಗಾಗುತ್ತಿದ್ದರು. ಆ ಮಾತು ಕೇಳಿದರೆ ನನಗೆ ಹೋಳಿಗೆ ಊಟ ಮಾಡಿದಷ್ಟು ಸಂತೋಷ.

ಮೊಮ್ಮಗಳು ಶಾಲೆಗೆ ಹೋಗಲು ಶುರುಮಾಡಿದ ವರ್ಷ ಸೊಸೆ ಮತ್ತೆ ಎಂ.ಕಾಂ.ಗೆ ಸೇರಿದಳು, ಮನೆಯಿಂದಲೇ ಓದುವ ದೂರ ಶಿಕ್ಷಣಕ್ಕೆ. ಈ ಸಲ ಯಾರೂ ನನ್ನ ಅಪ್ಪಣೆ ಕೇಳಲಿಲ್ಲ. ಮಗ ಫೀಸು ಕಟ್ಟಿಬಂದು ಊಟಕ್ಕೆ ಕೂತಾಗ ಹೇಳಿದ. ನನಗೆ ಒಳಗೊಳಗೇ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಹೊರಗೆ ಮಾತ್ರ "ಹ್ಞೂಂ" ಎಂದು ಮಜ್ಜಿಗೆ ಕೇಳಿದೆ. ಕೊನೆಯ ವರ್ಷ ಅವಳು ಒಂದು ಪ್ರಾಜೆಕ್ಟ್ ಬರೆಯಬೇಕಿತ್ತು. ಪ್ರಪಂಚದ ದೊಡ್ಡ ಇಂಟರ್ನೆಟ್ ಕಂಪನಿಗಳು, ಕ್ರಿಪ್ಟೋಕರೆನ್ಸಿ ಕಂಪನಿಗಳು ಹೇಗೆ ವ್ಯಾಪಾರ ಮಾಡುತ್ತವೆ, ಅವುಗಳ ಬಗ್ಗೆ ನಮ್ಮ ಕಡೆಯ ಜನಕ್ಕೆ ಎಷ್ಟು ಗೊತ್ತು ಎನ್ನುವುದು ವಿಷಯ. ಅದನ್ನು ಒಪ್ಪಿಸಿ, ಎದುರು ಕೂತ ಪರೀಕ್ಷಕರು ಕೇಳಿದ ಪ್ರಶ್ನೆಗೆ ಉತ್ತರ ಹೇಳಿದರೆ ಪಾಸು. ಪಾಸಾದರೆ ಒಂದು ಕಾಲೇಜಿನಲ್ಲಿ ಪಾಠ ಮಾಡುವ ಕೆಲಸಕ್ಕೆ ಅರ್ಜಿ ಹಾಕಬಹುದು. ಅವಳ ಆಸೆ ಅಷ್ಟೇ.

ಅವಳ ಗೈಡ್ ಮೇಡಂ ಒಂದು ಉಪಾಯ ಹೇಳಿಕೊಟ್ಟಿದ್ದರಂತೆ. ಓದಿದ್ದನ್ನು ಮನೆಯಲ್ಲಿ ಯಾರಿಗಾದರೂ ಕನ್ನಡದಲ್ಲಿ ಬಿಡಿಸಿ ಹೇಳು, ಅವರಿಗೆ ಅರ್ಥವಾದರೆ ನಿನಗೂ ಅರ್ಥವಾಗಿದೆ ಎಂದು ತಿಳಿ. ಮಗ ಫ್ಯಾಕ್ಟರಿಯ ಶಿಫ್ಟು ಮುಗಿಸಿ ಬಂದು ಗೊರಕೆ ಹೊಡೆಯುತ್ತಿದ್ದ. ನನ್ನ ಹೆಂಡತಿ ಎರಡೇ ನಿಮಿಷ ಕೇಳಿ, "ಒಲೆ ಮೇಲೆ ಸಾರಿದೆ ಕಣಮ್ಮ" ಎಂದು ಎದ್ದು ಹೋದಳು. ಒಲೆ ಮೇಲೆ ಏನೂ ಇರಲಿಲ್ಲ. ಉಳಿದವನು ನಾನು.

ಹೀಗೆ ತುಮಕೂರಿನ ಸದಾಶಿವನಗರದ ನಮ್ಮ ಮನೆಯ ಊಟದ ಟೇಬಲ್ಲಿನ ಮುಂದೆ, ಬೆಳಿಗ್ಗೆ ಹತ್ತೂವರೆಗೆ, ನನ್ನ ವಿದ್ಯಾಭ್ಯಾಸ ಶುರುವಾಯಿತು. ಮೊದಮೊದಲು ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆಯೇ ಇತ್ತು. ಹುಡುಕಿಕೊಡುವ ಕಂಪನಿ, ಫೋಟೋ ಹಾಕುವ ಕಂಪನಿ, ವಿಡಿಯೋ ತೋರಿಸುವ ಕಂಪನಿ, ಎಲ್ಲ ಪುಕ್ಕಟೆ ಅಂತೆ. ನನಗೆ ರೇಗಿತು.

"ಪುಕ್ಕಟೆ ಕೊಟ್ಟು ಅವ್ರೇನು ಧರ್ಮಛತ್ರ ಕಟ್ಟಿಸವ್ರಾ? ಎಲ್ಲಿಂದ ಬರುತ್ತಮ್ಮ ದುಡ್ಡು?"

"ಅದನ್ನೇ ಓದ್ತಿರೋದು ಮಾವ" ಎಂದಳು. ಸ್ವಲ್ಪ ಯೋಚಿಸಿ, "ಈಗ ಹೆಂಗಸ್ರಿಗೆ ಬಸ್ ಫ್ರೀ ಅಲ್ವಾ? ಆದ್ರೂ ಕಂಡಕ್ಟರ್ ಸೊನ್ನೆ ರೂಪಾಯಿ ಟಿಕೆಟ್ ಕೊಡ್ತಾರೆ. ಯಾಕೆ?"

"ಲೆಕ್ಕಕ್ಕೆ. ಎಷ್ಟು ಜನ ಹತ್ತಿದ್ರು ಅಂತ ತೋರಿಸಿದ್ರೆ ತಾನೇ ಸರ್ಕಾರ ದುಡ್ಡು ಕೊಡೋದು."

"ಅಷ್ಟೇ ಮಾವ. ನಾವು ನೋಡಿದ್ದು, ಒತ್ತಿದ್ದು, ಹುಡುಕಿದ್ದು, ಎಲ್ಲಕ್ಕೂ ಅವ್ರು ನಮಗೆ ಕಾಣದ ಹಾಗೆ ಒಂದು ಟಿಕೆಟ್ ಹರೀತಾರೆ. ಆ ಟಿಕೆಟ್ ತೋರಿಸಿ ಜಾಹೀರಾತು ಕೊಡೋರ ಹತ್ರ ದುಡ್ಡು ಇಸ್ಕೋತಾರೆ."

ಅಷ್ಟು ಚೆನ್ನಾಗಿ ನನಗೆ ಯಾವ ಮೇಷ್ಟ್ರೂ ಪಾಠ ಹೇಳಿರಲಿಲ್ಲ. ಆ ದಿನದಿಂದ ಹತ್ತು ಗಂಟೆಗೇ ಕನ್ನಡಕ ಒರೆಸಿಕೊಂಡು ಕಾಯತೊಡಗಿದೆ. ತಿಂಡಿಯ ತಟ್ಟೆ ತೊಳೆದಿಡುವುದೂ ಶುರುವಾಯಿತು, ಅವಳು ಬೇಗ ಬರಲಿ ಎಂದು. ನನ್ನ ಹೆಂಡತಿ ಇದನ್ನು ನೋಡಿ, "ನಲವತ್ತು ವರ್ಷದಲ್ಲಿ ನನ್ನ ಒಂದು ಲೋಟ ತೊಳೀಲಿಲ್ಲ ನೀವು" ಎಂದಳು.

ಕ್ರಿಪ್ಟೋ ಬಂದಾಗ ಮಾತ್ರ ಒಂದು ವಾರ ಜಗಳವಾಡಿದೆವು. ಕೈಗೆ ಸಿಗದ ನಾಣ್ಯ, ಯಾವ ಸರ್ಕಾರದ ಮುದ್ರೆಯೂ ಇಲ್ಲ, ಸಾವಿರಾರು ಕಂಪ್ಯೂಟರುಗಳು ಒಟ್ಟಿಗೆ ಹೌದು ಎಂದರೆ ಹೌದು. ಅದನ್ನು ಕೊಂಡು ಮಾರಲು ಒಂದು ಕಟ್ಟೆ, ಅದಕ್ಕೆ ಎಕ್ಸ್‌ಚೇಂಜ್ ಎನ್ನುತ್ತಾರೆ. ಬೆಲೆ ಏರಿದರೂ ಕಟ್ಟೆಯವನಿಗೆ ಕಮಿಷನ್, ಬಿದ್ದರೂ ಕಮಿಷನ್. ಅಲ್ಲಿ ನನಗೆ ಬೆಳಕು ಕಂಡಿತು. "ಇವ್ನು ಸ್ಟ್ಯಾಂಡ್ ಏಜೆಂಟ್ ಕಣಮ್ಮ!" ಎಂದು ಕೂಗಿದೆ. ಖಾಸಗಿ ಬಸ್ಸಿಗೆ ಜನ ಕರೆದು ಹತ್ತಿಸುವ ಏಜೆಂಟಿಗೆ ಬಸ್ಸು ಊರು ಮುಟ್ಟಿತೋ, ದಾರಿಯಲ್ಲಿ ಕೆಟ್ಟಿತೋ, ಏನಾದರೂ ಅವನ ಪಾಲು ಅವನಿಗೆ. ಅವನು ಇನ್ನೊಂದು ಕೆಲಸವನ್ನೂ ಮಾಡುತ್ತಿದ್ದ. ಖಾಲಿ ಬಸ್ಸಿನ ಸೀಟುಗಳ ಮೇಲೆ ಟವೆಲ್ಲು, ಕರ್ಚೀಫು ಹಾಕಿಸಿಡುತ್ತಿದ್ದ. ಕಿಟಕಿಯಲ್ಲಿ ಇಣುಕಿದವರಿಗೆ ಬಸ್ಸು ತುಂಬುತ್ತಿದೆ, ಈಗಲೇ ಹತ್ತದಿದ್ದರೆ ಸೀಟಿಲ್ಲ ಎನ್ನುವ ಗಾಬರಿ. ಡ್ರೈವರ್ ಕೂಡ ಆಗಾಗ ಎಂಜಿನ್ ಗುರ್ ಎನ್ನಿಸಿ, ನಾಲ್ಕಡಿ ಮುಂದೆ ಹೋಗಿ, ನಾಲ್ಕಡಿ ಹಿಂದೆ ಬರುತ್ತಿದ್ದ. "ನಿನ್ನ ಕೆಲವು ನಾಣ್ಯದ ಕಂಪ್ನಿಗಳು ಹಂಗೇ. ಬಸ್ಸಿನ್ನೂ ಹೊರಟಿಲ್ಲ, ಜನ ಸೀಟಿನ ಮೇಲಿನ ಕರ್ಚೀಫನ್ನೇ ಒಬ್ರಿಗೊಬ್ರು ಮಾರ್ಕೋತಾವ್ರೆ!"

ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುತ್ತಲೇ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಆಮೇಲೆ ಮೆಲ್ಲಗೆ, "ಎಲ್ಲಾ ಹಂಗಿಲ್ಲ ಮಾವ. ಒಂದಷ್ಟು ಬಸ್ಸು ನಿಜವಾಗ್ಲೂ ಓಡ್ತಿದಾವೆ. ಯಾವುದು ಓಡ್ತಿದೆ, ಯಾವುದು ನಿಂತಲ್ಲೇ ಗುರ್ ಅಂತಿದೆ ಅಂತ ನೋಡೋದೇ ನನ್ನ ಕೆಲಸ" ಎಂದಳು. ಅವಳು ಮನೆಗೆ ಬಂದು ಏಳು ವರ್ಷವಾಗಿತ್ತು. ಅಷ್ಟು ಗಟ್ಟಿಯಾಗಿ ನಕ್ಕದ್ದನ್ನು ನಾನು ಕೇಳಿದ್ದು ಅದೇ ಮೊದಲು. ಈ ಹುಡುಗಿಯನ್ನು ಏಳು ವರ್ಷ ಸಾರು, ಪಲ್ಯ, ಶಾಲೆಯ ಡಬ್ಬಿ ಎಂದು ಕೂರಿಸಿದ್ದೆನಲ್ಲ ಎಂದು ಸಂಕಟವಾಯಿತು.

ಆ ಸಂಕಟವೇ ಮುಂದಿನ ತಪ್ಪಿಗೆ ಕಾರಣ. ಪ್ರಾಜೆಕ್ಟಿಗೆ ನೂರು ಜನರನ್ನು ಕಂಡು ಪ್ರಶ್ನೆ ಕೇಳಬೇಕಿತ್ತು. ಒಬ್ಬರಿಗೆ ಒಂದು ಹಾಳೆ, ಹಾಳೆಗೆ ಹನ್ನೆರಡು ಪ್ರಶ್ನೆ. ಮೊಬೈಲಿನಲ್ಲಿ ಏನೇನು ಬಳಸುತ್ತೀರಿ, ಅದು ಪುಕ್ಕಟೆ ಯಾಕೆ ಎಂದು ಗೊತ್ತೇ, ಕ್ರಿಪ್ಟೋ ಎಂಬುದನ್ನು ಕೇಳಿದ್ದೀರಾ, ಕೊಂಡಿದ್ದೀರಾ, ಇಂಥದ್ದರಲ್ಲಿ ದುಡ್ಡು ಕಳೆದುಕೊಂಡು ಮನೆಯಲ್ಲಿ ಹೇಳದೆ ಇದ್ದೀರಾ. ಗುಬ್ಬಿಯ ಐವತ್ತನ್ನು ಅವಳು ತವರಿನಲ್ಲಿದ್ದುಕೊಂಡು ಮುಗಿಸುತ್ತೇನೆಂದಳು. ಉಳಿದ ಐವತ್ತನ್ನು ನಾನು ಕೇಳಿ ಇಸಕೊಂಡೆ. ತುಮಕೂರಿನ ಶಿರಾ ಗೇಟಿನಲ್ಲಿ ಮೂವತ್ತು, ಕುಣಿಗಲ್‌ನಲ್ಲಿ ಇಪ್ಪತ್ತು.

ಶಿರಾ ಗೇಟಿನ ಮೂವತ್ತಕ್ಕೆ ನಾಲ್ಕು ದಿನ ಹಿಡಿಯಿತು. ಹಾಳೆ ಕಂಡರೆ ಜನ ಹಾವು ಕಂಡಂತೆ ಸರಿಯುತ್ತಿದ್ದರು. "ಓಟಿಪಿ ಕೇಳಲ್ಲ ತಾನೇ ಯಜಮಾನ್ರೇ?" ಎಂದು ಟೈರ್ ಪಂಚರ್ ಅಂಗಡಿಯವನು ಮೂರು ಸಲ ಕೇಳಿದ. ಬೇಕರಿಯವನು ನನ್ನನ್ನೇ ಅನುಮಾನದಿಂದ ನೋಡಿ ತನ್ನ ಮಗನಿಗೆ ಫೋನ್ ಮಾಡಿದ. ಆದರೂ ಬಿಡದೆ ಮೂವತ್ತೂ ಜನರನ್ನು ಕೇಳಿಯೇ ಬರೆದೆ. ಕುಣಿಗಲ್ ಸರದಿ ಬಂದಾಗ ಬಿಸಿಲು, ಮಂಡಿನೋವು, ಮತ್ತು ಹಾಳಾದ ನನ್ನ ಹೆಮ್ಮೆ. ದೊಡ್ಡ ಕೆರೆಯ ಏರಿಯ ಹತ್ತಿರ ಒಂದು ಮರದ ನೆರಳಲ್ಲಿ ಕೂತೆ. ಮುಂದೆ ಜನ ಹೋಗುತ್ತಿದ್ದರು. ತಾಲ್ಲೂಕು ಆಫೀಸಿಗೆ ಬಂದ ರೈತ, ಕುದುರೆ ಫಾರಂ ಕಡೆಗೆ ಹೊರಟ ಕೆಲಸಗಾರ, ಸೊಪ್ಪು ಮಾರುವ ಹೆಂಗಸು. ಇವರನ್ನೇನು ಕೇಳುವುದು, ಮೂವತ್ತು ವರ್ಷ ಇವರಿಗೆ ಟಿಕೆಟ್ ಕೊಟ್ಟವನಲ್ಲವೇ ನಾನು? ಒಬ್ಬೊಬ್ಬರ ಮುಖ ನೋಡಿದೆ, ಒಂದೊಂದು ಹಾಳೆ ತುಂಬಿದೆ. ಕ್ರಿಪ್ಟೋ ಗೊತ್ತಿಲ್ಲ. ಕೊಂಡಿಲ್ಲ. ಕಳೆದುಕೊಂಡಿಲ್ಲ. ಒಂದೂವರೆ ಗಂಟೆಯಲ್ಲಿ ಇಪ್ಪತ್ತೂ ಮುಗಿದವು. ಮೋಸ ಮಾಡುತ್ತಿದ್ದೇನೆ ಎಂದು ಒಂದು ಗಳಿಗೆಯೂ ಅನ್ನಿಸಲಿಲ್ಲ. ಸೊಸೆಗೆ ಸಹಾಯ ಮಾಡಿದೆ ಎಂದು ಖುಷಿಯಾಗಿ ಮಸಾಲೆದೋಸೆ ತಿಂದು ಬಸ್ಸು ಹತ್ತಿದೆ.

ಎರಡು ವಾರ ಕಳೆಯಿತು. ಪ್ರಾಜೆಕ್ಟ್ ಒಪ್ಪಿಸಲು ಐದು ದಿನ ಬಾಕಿ. ಬೆಳಿಗ್ಗೆ ಅವಳು ಹತ್ತು ಗಂಟೆಗೂ ಮುಂಚೆಯೇ ಬಂದು ಕೂತಳು. ಮುಖ ಅರಳಿತ್ತು.

"ಮಾವ, ಒಂದು ವಿಶೇಷ ಸಿಕ್ಕಿದೆ. ತುಮಕೂರಲ್ಲಿ, ಗುಬ್ಬೀಲಿ ಅಲ್ಲೊಬ್ರು ಇಲ್ಲೊಬ್ರು ಇದ್ರಲ್ಲಿ ದುಡ್ಡು ಕಳ್ಕೊಂಡಿದಾರೆ. ಕುಣಿಗಲ್‌ನಲ್ಲಿ ಒಬ್ರೂ ಇಲ್ಲ! ಒಬ್ರೂ ಕೊಂಡೇ ಇಲ್ಲ. ಮೇಡಂಗೆ ಹೇಳ್ದೆ, ತುಂಬಾ ಚೆನ್ನಾಗಿದೆ, ಯಾಕೆ ಹೀಗೆ ಅಂತ ಒಂದು ಅಧ್ಯಾಯನೇ ಬರಿ ಅಂದ್ರು. ಬರೆದಿದೀನಿ. ಓದ್ಲಾ?"

ಓದತೊಡಗಿದಳು. ಕುಣಿಗಲ್‌ನ ಜನ ಯಾಕೆ ಎಚ್ಚರದಿಂದಿದ್ದಾರೆ, ಹೆದ್ದಾರಿಯ ಪಕ್ಕದಲ್ಲೇ ಇದ್ದೂ ಈ ಗಾಳಿ ಅವರಿಗೆ ಯಾಕೆ ತಟ್ಟಿಲ್ಲ, ಎಷ್ಟು ಕಷ್ಟಪಟ್ಟು ಯೋಚಿಸಿದ್ದಳು. ಒಂದೊಂದು ವಾಕ್ಯವೂ ನನ್ನ ಕಪಾಳಕ್ಕೆ ಬಿದ್ದ ಹಾಗಿತ್ತು. ಅವಳು ಮೂರನೇ ಪುಟ ತಿರುಗಿಸುವಾಗ ನಾನು ಟೇಬಲ್ಲಿನ ಮೇಲೆ ಕೈಯಿಟ್ಟೆ.

"ನಿಲ್ಸಮ್ಮ. ಕುಣಿಗಲ್‌ನವ್ರನ್ನ ನಾನು ಕೇಳ್ಲಿಲ್ಲ."

ಅವಳಿಗೆ ಅರ್ಥವಾಗಲಿಲ್ಲ. ನಾನು ಮರದ ನೆರಳಿನಿಂದ ಹಿಡಿದು ಮಸಾಲೆದೋಸೆಯವರೆಗೆ ಎಲ್ಲ ಹೇಳಿದೆ. ಅವಳು ಕೂಗಾಡಿದ್ದರೆ ಚೆನ್ನಾಗಿರುತ್ತಿತ್ತು, ನಾನೂ ಒಂದೆರಡು ಮಾತು ಕೂಗಿ ಹಗುರಾಗುತ್ತಿದ್ದೆ. ಅವಳು ಹಾಳೆಗಳನ್ನು ಒಂದರ ಮೇಲೊಂದು ಜೋಡಿಸಿದಳು, ಅಂಚು ಸರಿಮಾಡಿದಳು. ಆಮೇಲೆ ತಲೆಯೆತ್ತಿದಳು.

"ಅವ್ರನ್ನ ನೋಡಿದ್ರೆ ನಿಮಗೆ ಗೊತ್ತಾಯ್ತು, ಅಲ್ವಾ ಮಾವ?" ಎಂದಳು. "ಅವತ್ತು ನನ್ನ ನೋಡಿದಾಗ್ಲೂ ಹಂಗೇ ಗೊತ್ತಾಗಿತ್ತು ನಿಮಗೆ. ಅವತ್ತೂ ಕೇಳ್ಲಿಲ್ಲ."

ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಏಳು ವರ್ಷದಲ್ಲಿ ಮೊದಲ ಸಲ ಆ ಮಾತು ಅವಳ ಬಾಯಿಂದ ಬಂದಿತ್ತು. ಅಡುಗೆಮನೆಯಲ್ಲಿ ನನ್ನ ಹೆಂಡತಿ ಪಾತ್ರೆಯ ಸದ್ದು ನಿಲ್ಲಿಸಿದಳು. ನಾನು ಎದ್ದು ಹೊರಗೆ ಹೋಗಿ ಗೇಟಿನ ಹತ್ತಿರ ನಿಂತೆ. ಅಳು ಬಂತು. ಅರವತ್ತೈದು ದಾಟಿದ ಗಂಡಸು ಬೀದಿ ಬಾಗಿಲಲ್ಲಿ ಅಳುವುದು ಚೆಂದವಲ್ಲ, ಆದರೆ ಬಂದದ್ದು ನಿಜ.

ಒಳಗೆ ಬಂದಾಗ ಅವಳು ಆ ಅಧ್ಯಾಯವನ್ನು ಲ್ಯಾಪ್‌ಟಾಪಿನಿಂದ ಅಳಿಸಿಹಾಕಿದ್ದಳು. ಮೇಡಂಗೆ ಫೋನ್ ಮಾಡಿ ಆದದ್ದನ್ನು ಆದಂತೆ ಹೇಳಿದ್ದಳಂತೆ. ಮೇಡಂ ಬೈದರು, ಆದರೂ ಐದು ದಿನದೊಳಗೆ ನಿಜವಾದ ಇಪ್ಪತ್ತು ತಂದರೆ ಸರಿ, ಇಲ್ಲದಿದ್ದರೆ ಮುಂದಿನ ವರ್ಷ ಎಂದರು. "ನಾಳೆ ಕುಣಿಗಲ್‌ಗೆ ಹೋಗ್ತೀನಿ" ಎಂದಳು. ನಾನು "ನಾನೂ ಬರ್ಲಾ?" ಎಂದೆ. ಹೆಂಡತಿ ಒಳಗಿನಿಂದಲೇ, "ಹೋಗಿ ಬನ್ನಿ. ಈ ಸಲ ಬಾಯಿ ಮುಚ್ಕೊಂಡು ಕೊಡೆ ಹಿಡೀರಿ" ಎಂದಳು.

ಹಾಗೇ ಮಾಡಿದೆ. ಮಾರನೆಯ ದಿನ ಕೆರೆ ಏರಿಯ ಮೇಲೆ, ತಾಲ್ಲೂಕು ಆಫೀಸಿನ ಮುಂದೆ, ಬಸ್ ಸ್ಟ್ಯಾಂಡಿನಲ್ಲಿ ಅವಳ ತಲೆಗೆ ಬಿಸಿಲು ಬೀಳದ ಹಾಗೆ ಕೊಡೆ ಹಿಡಿದುಕೊಂಡು ಓಡಾಡಿದೆ. ಅವಳು ಕೇಳುವ ರೀತಿಯೇ ಬೇರೆ. ಪ್ರಶ್ನೆ ಕೇಳಿ ಸುಮ್ಮನಾಗಿಬಿಡುತ್ತಿದ್ದಳು. ಎದುರಿನವರು ಕೆಮ್ಮಿದರೂ, ಆಚೀಚೆ ನೋಡಿದರೂ, ಅವಳು ಪೆನ್ನು ಎತ್ತುತ್ತಿರಲಿಲ್ಲ, ಉತ್ತರ ಊಹಿಸಿ ಹೇಳುತ್ತಿರಲಿಲ್ಲ. ನನಗೆ ಆ ನಿಶ್ಶಬ್ದ ತಡೆಯಲಾಗದೆ ಎರಡು ಸಲ ಬಾಯಿ ತೆರೆದು ಮುಚ್ಚಿದೆ.

ಹೆಗಲ ಮೇಲೆ ಟವೆಲ್ಲು ಹಾಕಿದ ಒಬ್ಬ ಮುದುಕ ಬಂದ. ನಾನು ಮರದ ಕೆಳಗಿದ್ದಿದ್ದರೆ ಇವನ ಹಾಳೆಯ ತುಂಬ ಗೊತ್ತಿಲ್ಲ, ಗೊತ್ತಿಲ್ಲ ಎಂದು ಮೊದಲೇ ಗೀಚುತ್ತಿದ್ದೆ. "ಕ್ರಿಪ್ಟೋನಾ? ತಗಂಡಿದ್ದೆ ಕಣವ್ವ. ಮೊಬೈಲಲ್ಲೇ. ಸ್ವಲ್ಪ ಏರ್ತು, ಮಾರ್ಬುಟ್ಟೆ. ಆಸೆಗೆ ಬಿದ್ದಿದ್ರೆ ಹೋಗ್ತಿತ್ತು" ಎಂದು ಹಲ್ಲಿಲ್ಲದ ಬಾಯಲ್ಲಿ ನಕ್ಕ. ಸೀಬೆಹಣ್ಣು ಮಾರುವ ಹೆಂಗಸು ಮೊದಲು ಎಲ್ಲಕ್ಕೂ ಇಲ್ಲ ಇಲ್ಲ ಎಂದಳು. ಕೊನೆಯ ಪ್ರಶ್ನೆ ಕೇಳಿ ಸೊಸೆ ಸುಮ್ಮನೆ ಕಾದಳು. ಆ ಹೆಂಗಸು ಹಣ್ಣುಗಳನ್ನು ಸುಮ್ಮಸುಮ್ಮನೆ ತಿರುಗಿಸಿಟ್ಟಳು. ನನ್ನ ಕಡೆ ನೋಡಿದಳು. ನಾನು ಕೊಡೆಯನ್ನು ಸೊಸೆಯ ಕೈಗೆ ಕೊಟ್ಟು ನಾಲ್ಕು ಹೆಜ್ಜೆ ದೂರ ಹೋದೆ. ಆದರೂ ಕೇಳಿಸಿತು.

"ಡಬಲ್ ಆಯ್ತದೆ ಅಂದ್ರು ಕಣವ್ವ. ಮಗಳ ಓಲೆಗೆ ಅಂತ ಇಟ್ಟಿದ್ದ ದುಡ್ಡು, ಎಲ್ಲಾ ಹೋಯ್ತು. ನಮ್ಮನೇಲಿ ಯಾರ್ಗೂ ಗೊತ್ತಿಲ್ಲ. ನೀನು ಕೇಳ್ದೆ ಅಂತ ಹೇಳ್ದೆ. ಬರ್ಕೋ. ಹೆಸ್ರು ಬೇಡ."

"ಹೆಸ್ರು ಬರೆಯಲ್ಲ ಅಕ್ಕ" ಎಂದಳು ಸೊಸೆ. ಬರೆದುಕೊಂಡು ಅವಳ ಪಕ್ಕದಲ್ಲೇ ಸ್ವಲ್ಪ ಹೊತ್ತು ಕೂತಳು. ಆಮೇಲೆ ನಾವು ಒಂದು ಕೆ.ಜಿ. ಸೀಬೆಹಣ್ಣು ಕೊಂಡೆವು.

ಸಂಜೆ ನಾಲ್ಕಕ್ಕೆ ಹತ್ತೊಂಬತ್ತು ಆಗಿತ್ತು. ಇನ್ನೊಬ್ಬರು ಸಿಗಲಿಲ್ಲ, ಸಿಕ್ಕವರಿಗೆ ಪುರುಸೊತ್ತಿಲ್ಲ. ತುಮಕೂರಿನ ಬಸ್ಸು ಬಂತು, ಹತ್ತಿದೆವು. ಬಸ್ಸು ಹೆಬ್ಬೂರು ದಾಟಿದ ಮೇಲೆ ಹಿಂದಿನ ಸೀಟಿನಲ್ಲಿ ಒಬ್ಬ ಕುಣಿಗಲ್‌ನ ಟೈಲರ್ ಕೂತಿರುವುದು ಮಾತಿನ ನಡುವೆ ತಿಳಿಯಿತು. ಅವನು ಸಂತೋಷವಾಗಿ ಹನ್ನೆರಡು ಪ್ರಶ್ನೆಗೂ ಉತ್ತರ ಕೊಟ್ಟ. ಇಪ್ಪತ್ತು ಮುಗಿದವು. ಅವಳು ಪೆನ್ನಿನ ಮುಚ್ಚಳ ಹಾಕಿ ತಲೆಯನ್ನು ಕಿಟಕಿಗೆ ಒರಗಿಸಿದಳು. ಮುಖದ ತುಂಬ ಧೂಳು.

"ನಾನೂ ಒಂದು ಕೇಳ್ಲೇನಮ್ಮ?" ಎಂದೆ.

"ಕೇಳಿ ಮಾವ."

"ಅವತ್ತು ನಿಮ್ಮನೇಲಿ ನಿನ್ನ ಕೇಳಿದ್ದಿದ್ರೆ, ಏನಂತಿದ್ದೆ?"

ಅವಳ ಹಾಗೆಯೇ ಕೇಳಿ ಸುಮ್ಮನಾದೆ. ಉತ್ತರ ನನಗೆ ಗೊತ್ತಿದೆ ಎಂದೇ ಅಂದುಕೊಂಡಿದ್ದೆ. ಓದುತ್ತೇನೆ ಎನ್ನುತ್ತಿದ್ದಳು, ಇನ್ನೇನು. ಬಸ್ಸು ಎರಡು ಸ್ಟಾಪು ದಾಟಿತು.

"ಮದುವೆನೇ ಬೇಡ ಅಂತಿದ್ದೆ ಮಾವ" ಎಂದಳು. "ಕಾಲೇಜಲ್ಲಿ ಪಾಠ ಮಾಡ್ಬೇಕು, ಆಮೇಲೆ ನೋಡೋಣ ಅಂತಿದ್ದೆ. ನಮ್ಮಪ್ಪಂಗೂ ಹೇಳಿರ್ಲಿಲ್ಲ ಅದನ್ನ. ಯಾರಾದ್ರೂ ಕೇಳಿದ್ರೆ ಹೇಳೋಣ ಅಂತ ಬಾಗಿಲ ಹತ್ರ ನಿಂತಿದ್ದೆ."

ಅವಳು ನನ್ನ ಮುಖ ನೋಡಿ ಗಾಬರಿಯಾಗಿ, "ಈಗ ಹಂಗೇನಿಲ್ಲ ಮಾವ. ನಿಮ್ಮ ಮಗ ಒಳ್ಳೆಯವ್ರು, ಮಗಳಿದಾಳೆ. ನೀವು ಕೇಳಿದ್ರಿ, ಅದಕ್ಕೆ ಹೇಳ್ದೆ" ಎಂದಳು.

"ತಪ್ಪಾಯ್ತು ಕಣಮ್ಮ" ಎಂದೆ. ಜೀವಮಾನದಲ್ಲಿ ಆ ಮಾತನ್ನು ಮೇಲಿನ ಅಧಿಕಾರಿಗಳಿಗೆ ಬಿಟ್ಟು ಬೇರೆ ಯಾರಿಗೂ ಹೇಳಿದವನಲ್ಲ ನಾನು.

ಅವಳು ಸೆರಗಿನಲ್ಲಿ ಒಂದು ಸೀಬೆಹಣ್ಣು ಒರೆಸಿ ನನ್ನ ಕೈಯಲ್ಲಿಟ್ಟಳು. ಕೊಟ್ಟ ಕೈಯನ್ನು ಒಂದು ಗಳಿಗೆ ಹಾಗೇ ನನ್ನ ಕೈಯ ಮೇಲೆ ಬಿಟ್ಟಳು. ತುಮಕೂರು ಬರುವವರೆಗೆ ನಾನು ಹಣ್ಣು ತಿನ್ನಲಿಲ್ಲ, ಹಿಡಿದುಕೊಂಡೇ ಕೂತಿದ್ದೆ.